ಓಗೊಡುವವರ ದಣಿವು

ಎಲ್ಲರಿಗೂ ನಮಸ್ಕಾರ.

ನನ್ನ ಫೋನನ್ನು ಅಲ್ಲಿ, ಅಧ್ಯಕ್ಷರ ಮೇಜಿನ ಮೇಲೆ ಬಿಟ್ಟು ಬಂದಿದ್ದೇನೆ. ಆದರೂ ಈ ವೇದಿಕೆ ಹತ್ತುವಾಗ ಎಡಜೇಬು ಅದುರಿದಂತಾಯಿತು. ಕೈ ಹಾಕಿದರೆ ಸಿಕ್ಕಿದ್ದು ಕರವಸ್ತ್ರ. ನಗಬೇಡಿ, ನಿಮಗೂ ಆಗಿರುತ್ತದೆ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 290 ಪದವಿ ವಿದ್ಯಾರ್ಥಿಗಳನ್ನು ಈ ಬಗ್ಗೆ ಕೇಳಿದ್ದರು. ಅವರಲ್ಲಿ ಶೇ. 89ರಷ್ಟು ಮಂದಿ ಈ ಇಲ್ಲದ ಅದುರುವಿಕೆ ತಮಗೂ ಆಗಿದೆ ಎಂದರು. ಎಳೆಗೂಸಿರುವ ಮನೆಯಲ್ಲಿ ಮಗು ಮಲಗಿದ್ದರೂ ತಾಯಿಗೆ ಅಳು ಕೇಳಿಸುತ್ತದಲ್ಲ, ಹಾಗೆಯೇ ಇದು. ಯಾರೂ ಕರೆಯದಿದ್ದಾಗಲೂ ಮೈ ಓಗೊಡಲು ತುದಿಗಾಲಲ್ಲಿ ನಿಂತಿರುತ್ತದೆ.

‘ಮೊಬೈಲ್ ಮತ್ತು ಮಾನಸಿಕ ಒತ್ತಡ’ ಎಂಬ ವಿಷಯ ಕೊಟ್ಟಾಗ ಸಂಘಟಕರ ಮನಸ್ಸಿನಲ್ಲಿದ್ದದ್ದು ಹರೆಯದ ಮಕ್ಕಳಿಗೆ ಬುದ್ಧಿ ಹೇಳುವ ಭಾಷಣವಿರಬೇಕು. ಆ ಮಕ್ಕಳು ಇವತ್ತು ಬಂದೇ ಇಲ್ಲ, ಜಾಣರು. ಬಂದಿದ್ದರೂ ಬೈಯಲು ನನ್ನ ಬಳಿ ಹೆಚ್ಚಿನ ಸರಕಿರಲಿಲ್ಲ. 2019ರಲ್ಲಿ ಆಕ್ಸ್‌ಫರ್ಡ್‌ನ ಆಮಿ ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಸಮೀಕ್ಷೆಗಳನ್ನು ಜಾಲಾಡಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಸಾಧನಗಳ ಬಳಕೆಗೆ ಜೋಡಿಸಬಹುದಾದ ಪಾಲು ಶೇ. 0.4 ದಾಟಲಿಲ್ಲ. ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಹೆಚ್ಚುಕಡಿಮೆ ಅಷ್ಟೇ ನಂಟು ಕಂಡಿತ್ತು. ಇದು ಸರಾಸರಿಯ ಮಾತು, ನಿಜ. ಸರಾಸರಿಯೊಳಗೆ ಮುಳುಗುತ್ತಿರುವವರೂ ಅಡಗಿರುತ್ತಾರೆ. ಅಂಥವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿಕೊಂಡ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಗೀಳಿಗೂ ಜಾಗ ಸಿಕ್ಕಿತು. ಆದರೆ ಇಲ್ಲಿ ಕುಳಿತಿರುವ ನಿಮ್ಮ ನನ್ನ ದಣಿವು ಆ ಬಗೆಯದಲ್ಲ. ನಾವು ಪರದೆಯ ಮುಂದೆ ಕಳೆದ ಗಂಟೆಗಳನ್ನು ಎಣಿಸುತ್ತಿದ್ದೇವೆ. ನಮ್ಮನ್ನು ಯಾರು ಯಾವ ಹೊತ್ತಿನಲ್ಲಿ ಕರೆಯಬಲ್ಲರು, ಓಗೊಡದಿದ್ದರೆ ಏನಾಗುತ್ತದೆ ಎಂಬುದನ್ನು ಎಣಿಸುತ್ತಿಲ್ಲ.

ಎಸ್‌ಟಿಡಿ ಬೂತ್ ನೆನಪಿದೆಯಲ್ಲ? ಗಾಜಿನ ಗೂಡು, ಕೆಂಪು ಅಂಕಿಗಳ ಮೀಟರು, ಹೊರಗೆ ಚಡಪಡಿಸುವ ಸಾಲು. ಹಣ, ಕಾಯುವಿಕೆ, ಚಡಪಡಿಕೆ ಎಲ್ಲವೂ ಕರೆ ಮಾಡುವವನ ಪಾಲಿಗಿತ್ತು. ಮೊಬೈಲ್ ಬಂದ ಹೊಸತರಲ್ಲಿ ಬರುವ ಕರೆಗೂ ನಾವೇ ದುಡ್ಡು ಕೊಡಬೇಕಿತ್ತು; ಅದು ತಪ್ಪಿದ್ದು 2003ರ ಮೇ ತಿಂಗಳಲ್ಲಿ. ದುಡ್ಡು ತಪ್ಪಿತು, ಹೊರೆ ಮಾತ್ರ ಸದ್ದಿಲ್ಲದೆ ಕರೆಗೆ ಓಗೊಡುವವನ ತಲೆಗೆ ಬಂತು. ನಡುವೆ ‘ಮಿಸ್ಡ್ ಕಾಲ್’ ಎಂಬ ಒಂದು ಸೊಗಸಾದ ವ್ಯವಸ್ಥೆಯನ್ನು ನಮ್ಮ ಜನರೇ ಕಂಡುಕೊಂಡಿದ್ದರು. ಒಂದು ರಿಂಗ್ ಆದರೆ ‘ಬಸ್ ಇಳಿದೆ’ ಎಂದರ್ಥ. ಎತ್ತಬಾರದು, ಉತ್ತರಿಸಬಾರದು. ಅದಕ್ಕಿಂತ ಸಭ್ಯವಾದ ಸಂದೇಶವನ್ನು ನಾನು ಆಮೇಲೆ ಕಂಡಿಲ್ಲ.

2014ರ ನವೆಂಬರ್‌ನಲ್ಲಿ ವಾಟ್ಸ್‌ಆ್ಯಪ್ ನೀಲಿ ಗುರುತು ತಂದಿತು. ಕಾಗದದ ಕಾಲದಲ್ಲಿ ‘ನಿಮ್ಮ ಪತ್ರ ಕೈ ಸೇರಲಿಲ್ಲ’ ಎಂಬ ಸುಳ್ಳು ಎರಡೂ ಕಡೆಯವರ ಮಾನ ಕಾಪಾಡುತ್ತಿತ್ತು. ನೀಲಿ ಗುರುತು ಆ ಸುಳ್ಳನ್ನು ಕಿತ್ತುಕೊಂಡು, ‘ಓದಿಯೂ ಉತ್ತರಿಸಲಿಲ್ಲ’ ಎಂಬ ಹೊಸ ಅಪರಾಧವೊಂದನ್ನು ಹುಟ್ಟುಹಾಕಿತು.

ಈ ಸಭೆಯಲ್ಲಿ ಶಿಕ್ಷಕರೇ ಹೆಚ್ಚಿರುವುದರಿಂದ ನನ್ನ ಅಕ್ಕನ ಮಗಳ ಸಂಗತಿ ಹೇಳುತ್ತೇನೆ. ಅವಳು ಸರ್ಕಾರಿ ಶಾಲೆಯ ಶಿಕ್ಷಕಿ. ರಾತ್ರಿ 9.50ಕ್ಕೆ ಗ್ರೂಪಿಗೆ ಒಂದು ಸಂದೇಶ: ‘ಬಿಸಿಯೂಟದ ಈ ವಾರದ ಅಂಕಿಅಂಶ ಕೂಡಲೇ ಸಲ್ಲಿಸುವುದು. ತುರ್ತು.’ ಹಿಂದೆಯೇ ‘ನೋಟೆಡ್ ಸರ್’, ‘ನೋಟೆಡ್ ಸರ್’, ಕೈಮುಗಿದ ಚಿತ್ರ, ಮತ್ತೆ ‘ನೋಟೆಡ್ ಸರ್’. ನಲವತ್ತು ಜನರ ವಿಧೇಯತೆಯೂ ನಲವತ್ತು ಜನರ ದಿಂಬಿನ ಪಕ್ಕದಲ್ಲಿ ಟಿಂಗ್ ಟಿಂಗ್ ಎಂದಿತು. ಅವಳು ವಹಿ ಹುಡುಕಿ, ಅಂಕಿ ಕೂಡಿ, ಕಳಿಸಿದಳು. ಅವಳು ಪರದೆ ನೋಡಿದ್ದು ಹೆಚ್ಚೆಂದರೆ ನಾಲ್ಕು ನಿಮಿಷ. ನಿದ್ದೆ ಬಂದದ್ದು ಹನ್ನೆರಡೂವರೆಗೆ; ಒಂದು ಅಂಕಿ ತಪ್ಪಾಗಿ ಹಾಕಿದೆನೇನೋ ಎಂಬ ಅನುಮಾನ. ಫೋನಿನ ಲೆಕ್ಕದಲ್ಲಿ ಆ ರಾತ್ರಿಯ ಬೆಲೆ ನಾಲ್ಕೇ ನಿಮಿಷ!

ಅಡ್ಡಿಯಾದರೆ ಕೆಲಸ ಕೆಡುತ್ತದೆ ಎಂದುಕೊಳ್ಳುತ್ತೇವೆ. ಕ್ಯಾಲಿಫೋರ್ನಿಯಾದ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಕಂಡದ್ದು ಇದಕ್ಕಿಂತ ವಿಚಿತ್ರ. ಪದೇ ಪದೇ ಅಡ್ಡಿಗೆ ಒಳಗಾದವರು ಕೆಲಸವನ್ನು ಬೇಗ ಮುಗಿಸಿದರು, ಗುಣಮಟ್ಟವೂ ಕುಗ್ಗಲಿಲ್ಲ. ಒಳಗೆ ಒತ್ತಡ, ಹತಾಶೆ, ಸಮಯದ ಅವಸರ ಏರಿದ್ದವು. ಅದೂ ಇಪ್ಪತ್ತೇ ನಿಮಿಷಗಳಲ್ಲಿ. ಮೇಲಧಿಕಾರಿಗೆ ಕಾಣುವುದು ಬೇಗ ಮುಗಿದ ಕೆಲಸ ಮಾತ್ರ. ಆದ್ದರಿಂದಲೇ ರಾತ್ರಿಯ ಸಂದೇಶಗಳು ನಿಲ್ಲುವುದಿಲ್ಲ ಎಂದು ನನ್ನ ಊಹೆ.

ಹಾಗಾದರೆ ಗಂಟೆಯ ಸದ್ದನ್ನೇ ಅಡಗಿಸಿಬಿಡೋಣವೇ? 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 237 ಜನರನ್ನು ನಾಲ್ಕು ಗುಂಪು ಮಾಡಿದ್ದರು. ಒಂದು ಗುಂಪಿಗೆ ಫೋನಿನ ನೋಟಿಫಿಕೇಶನ್‌ಗಳು ಎಂದಿನಂತೆ, ಇನ್ನೊಂದಕ್ಕೆ ಗಂಟೆಗೊಮ್ಮೆ, ಮತ್ತೊಂದಕ್ಕೆ ದಿನಕ್ಕೆ ಮೂರೇ ಸಲ ಕಟ್ಟಾಗಿ, ಕೊನೆಯದಕ್ಕೆ ಏನೂ ಇಲ್ಲ. ಮೂರು ಸಲ ಪಡೆದವರ ಒತ್ತಡ ಇಳಿಯಿತು, ಗಮನ ಕೂಡಿತು, ಫೋನು ತಮ್ಮ ಹತೋಟಿಯಲ್ಲಿದೆ ಅನ್ನಿಸಿತು. ಏನೂ ಬಾರದವರು ಸುಖವಾಗಿರಬೇಕಿತ್ತಲ್ಲ? ಅವರ ಆತಂಕವೇ ಹೆಚ್ಚಿತ್ತು, ಏನನ್ನೋ ಕಳೆದುಕೊಳ್ಳುತ್ತಿದ್ದೇವೆ ಎಂಬ ಭಯ. ನಾನು ಇದನ್ನು ಓದುವುದು ಹೀಗೆ: ಹಳ್ಳಿಗೆ ಅಂಚೆಯವನು ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಬಂದು ಹೋದಮೇಲೆ ನಾಳೆಯವರೆಗೆ ಯಾರೂ ಬೀದಿ ನೋಡುತ್ತಿರಲಿಲ್ಲ.

ಇದು ಸದ್ದು ಅಡಗಿಸುವ ಅನುಕೂಲ ಇರುವವರ ಮಾತು. ಊಟ ತಲುಪಿಸುವ ಹುಡುಗ ಏನು ಮಾಡಬೇಕು? ಅವನಿಗೆ ಫೋನೇ ಮೇಸ್ತ್ರಿ, ಫೋನೇ ಹಾಜರಿ ಪುಸ್ತಕ. ಆರ್ಡರ್ ಬಂದಾಗ ಕೆಲವೇ ಕ್ಷಣಗಳಲ್ಲಿ ಒಪ್ಪಬೇಕು, ಮಳೆಯಲ್ಲಿ ಗಾಡಿ ಓಡಿಸುತ್ತಲೇ ಪರದೆ ನೋಡಬೇಕು. ಅವನಿಗೆ ‘ದಿನಕ್ಕೆ ಮೂರು ಸಲ’ ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ. ಕರ್ನಾಟಕ 2025ರಲ್ಲಿ ಅವನಂಥ ಗಿಗ್ ಕಾರ್ಮಿಕರಿಗಾಗಿ ಕಾನೂನು ಮಾಡಿ, ಅವರ ಕೆಲಸವನ್ನು ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಅವರಿಗೆ ತಿಳಿಸಬೇಕು ಎಂದಿತು. ಮನಸ್ಸಿನ ಆರೋಗ್ಯದ ಪುಸ್ತಕಗಳಲ್ಲಿ ಇಂಥ ಕಾನೂನುಗಳ ಹೆಸರು ಬರುವುದಿಲ್ಲ. ಬರಬೇಕು ಎಂಬುದು ನನ್ನ ಅಭಿಪ್ರಾಯ.

ಫ್ರಾನ್ಸ್‌ನಲ್ಲಿ 2017ರ ಜನವರಿ 1ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕಕ್ಕೆ ಸಿಗದಿರುವ ಹಕ್ಕಿಗೆ ಕಾನೂನಿನ ಬೆಂಬಲವಿದೆ. ನಮ್ಮ ಲೋಕಸಭೆಯಲ್ಲಿ 2018ರ ಡಿಸೆಂಬರ್‌ನಲ್ಲಿ ಸುಪ್ರಿಯಾ ಸುಳೆ ಇಂಥದೇ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ. ಶಾಲೆಯ ಗ್ರೂಪಿಗೆ ರಾತ್ರಿ ಎಂಟಕ್ಕೆ ಬೀಗ ಹಾಕಲು ದೆಹಲಿಯವರೆಗೆ ಹೋಗಬೇಕಾಗಿಲ್ಲ. ಅಡ್ಮಿನ್ ಒಂದು ಗುಂಡಿ ಒತ್ತಿದರೆ ಸಾಕು. ಆ ಅಡ್ಮಿನ್‌ಗಳಲ್ಲಿ ಇಬ್ಬರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ ಎಂದು ನನಗೆ ಮಾಹಿತಿ ಇದೆ.

ಒಂದು ಸಂಖ್ಯೆ ಬರೆದುಕೊಳ್ಳಿ: 14416. ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಇದೇ ಫೋನಿನಲ್ಲಿ ನೀವು ಕರೆದಾಗ ಇನ್ನೊಬ್ಬರು ಓಗೊಡುವ ವ್ಯವಸ್ಥೆ ಅದು. ನಿದ್ದೆ ಬಾರದ ರಾತ್ರಿಗಳು ವಾರಗಟ್ಟಲೆ ಮುಂದುವರಿದರೆ ಸಂಕೋಚವಿಲ್ಲದೆ ಬಳಸಿ.

ಇನ್ನು ನಿಮ್ಮ ಪ್ರಶ್ನೆಗಳು. ಇವತ್ತಿನ ಸಭೆಯ ಹೆಸರಿನಲ್ಲಿ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡುತ್ತೇವೆ ಎಂದು ಸಂಘಟಕರು ಆಗಲೇ ಚೀಟಿ ಕಳಿಸಿದ್ದಾರೆ. ದಯವಿಟ್ಟು ಕೇಳುವುದನ್ನು ಇಲ್ಲಿಯೇ, ಬಾಯಿಬಿಟ್ಟು ಕೇಳಿ.