ಓಡದೇ ಇರೋ ‘ರನ್’

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡೋಕೆ ನಾನು ಆರಿಸ್ಕೊಂಡಿರೋದು ಮೂರೇ ಅಕ್ಷರದ ಒಂದು ಇಂಗ್ಲಿಷ್ ಪದ, ‘ರನ್’. ಕೆಲವರಿಗೆ ಆಗ್ಲೇ ನಗು ಬಂದಿರ್ಬೇಕು, ರನ್ ಅಂದ್ರೆ ಓಡು ಅಂತ ಒಂದನೇ ಕ್ಲಾಸಿನ ಮಗುಗೂ ಗೊತ್ತು, ಅದಕ್ಕೊಂದು ಉಪನ್ಯಾಸ ಬೇರೆ ಕೇಡು ಅಂತ. ಆದ್ರೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು ಈ ಪದದ ಎಂಟ್ರಿನ ಪರಿಷ್ಕರಿಸೋಕೆ ಕೂತಾಗ ಪೀಟರ್ ಗಿಲಿವರ್ ಅನ್ನೋ ನಿಘಂಟುಕಾರರಿಗೆ ಸುಮಾರು ಒಂಬತ್ತು ತಿಂಗಳು ಹಿಡೀತು, ಬರೀ ಕ್ರಿಯಾಪದದ್ದೇ ಲೆಕ್ಕ ಹಾಕಿದ್ರೂ 645 ಅರ್ಥ ಆಯ್ತು. ಅದಕ್ಕೂ ಮುಂಚೆ ಅತಿ ಹೆಚ್ಚು ಅರ್ಥ ಇರೋ ಪದ ಅನ್ನೋ ಕಿರೀಟ ‘ಸೆಟ್’ ಅನ್ನೋ ಪದದ ತಲೆ ಮೇಲಿತ್ತು.

645 ಅಂತ ಕೇಳಿ ಗಾಬರಿ ಆಗ್ಬೇಡಿ, ಯಾವ ಇಂಗ್ಲಿಷಿನವನೂ ಅವನ್ನೆಲ್ಲ ಬಾಯಿಪಾಠ ಮಾಡಿಲ್ಲ. ನಮ್ಮ ತೊಂದ್ರೆ ಏನಪ್ಪಾ ಅಂದ್ರೆ ರನ್ ಕಂಡ ತಕ್ಷಣ ತಲೆಯಲ್ಲಿ ಓಡು ಅನ್ನೋ ಒಂದೇ ಬಲ್ಬ್ ಹತ್ಕೊಳ್ಳುತ್ತೆ. ‘ದ ಕಾರ್ ಈಸ್ ರನ್ನಿಂಗ್’ ಅಂತ ಯಾರೋ ಹೇಳಿದ್ರು ಅನ್ಕೊಳ್ಳಿ, ನಾವು ಕಾರು ಓಡ್ತಿದೆ ಅಂತ ರಸ್ತೆ ಕಡೆ ನೋಡ್ತೀವಿ, ಆದ್ರೆ ಬಹಳ ಸಲ ಕಾರು ನಿಂತ ಜಾಗದಿಂದ ಒಂದಿಂಚೂ ಕದಲಿರಲ್ಲ, ಇಂಜಿನ್ ಮಾತ್ರ ಆನ್ ಇರುತ್ತೆ. ಫ್ರಿಜ್ ರನ್ ಆಗ್ತಿರುತ್ತೆ, ಕಂಪ್ಯೂಟರಲ್ಲಿ ಪ್ರೋಗ್ರಾಮ್ ರನ್ ಆಗ್ತಿರುತ್ತೆ, ಯಾವುದಕ್ಕೂ ಕಾಲಿಲ್ಲ.

ಹಾಗಾದ್ರೆ ಈ ಪದಕ್ಕೆ ಕಾಲು ಬಿಟ್ಟು ಬೇರೆ ಏನಿದೆ? ಸ್ವಲ್ಪ ಹಿಂದಕ್ಕೆ ಹೋದ್ರೆ ಗೊತ್ತಾಗುತ್ತೆ. ಹಳೇ ಇಂಗ್ಲಿಷಲ್ಲಿ ‘ರಿನ್ನನ್’ ಅಂತ ಒಂದು ರೂಪ ಇತ್ತು, ಅದಕ್ಕೆ ಓಡೋದು ಅನ್ನೋ ಅರ್ಥದ ಜೊತೆಗೇ ಹರಿಯೋದು ಅನ್ನೋ ಅರ್ಥನೂ ಇತ್ತು. ಅದರ ದಾಯಾದಿ ಭಾಷೆ ಜರ್ಮನ್, ಅಲ್ಲಿ ಇವತ್ತಿಗೂ ‘ರಿನ್ನೆನ್’ ಅಂದ್ರೆ ನೀರು ಹರಿಯೋದು, ‘ರೆನ್ನೆನ್’ ಅಂದ್ರೆ ಮನುಷ್ಯ ಓಡೋದು, ಎರಡಕ್ಕೂ ಬೇರೆ ಬೇರೆ ಮನೆ. ಇಂಗ್ಲಿಷ್ ಮಾತ್ರ ಎರಡನ್ನೂ ಒಂದೇ ಸೂರಿನಡಿ ಇಟ್ಕೊಂಡು ಸಂಸಾರ ಮಾಡ್ತು. ನಾನು ಇವತ್ತು ಹೇಳೋಕೆ ಬಂದಿರೋದು ಇಷ್ಟೇ, ರನ್ ಕಂಡಾಗ ಓಡು ಜೊತೆ ಹರಿ ಅನ್ನೋದನ್ನೂ ಕೈಯಲ್ಲಿ ಹಿಡ್ಕೊಳ್ಳಿ, ಅರ್ಧ ಡಿಕ್ಷನರಿ ತಾನಾಗೇ ಬಿಚ್ಕೊಳ್ಳುತ್ತೆ.

ನೋಡಿ, ನದಿ ರನ್ ಆಗುತ್ತೆ, ಅದು ಸುಲಭ. ಶೀತ ಆದಾಗ ಮೂಗು ರನ್ ಆಗುತ್ತೆ, ಮೂಗು ಮುಖ ಬಿಟ್ಟು ಓಡಿ ಹೋಗಲ್ಲ, ಸೋರುತ್ತೆ. ‘ರನ್ ಎ ಬಾತ್’ ಅಂದ್ರೆ ಸ್ನಾನದ ಟಬ್ಬಿಗೆ ನೀರು ಬಿಡೋದು. ಒಗೆಯುವಾಗ ಕೆಂಪು ಬಟ್ಟೆ ಬಣ್ಣ ಬಿಟ್ಟು ಬಿಳೀದೆಲ್ಲ ಹಾಳಾದ್ರೆ ‘ದ ಕಲರ್ಸ್ ರ್ಯಾನ್’. ಮನೆತನದಲ್ಲಿ ತಾತನಿಗೂ ಅಪ್ಪನಿಗೂ ಮಗನಿಗೂ ಬೋಳುತಲೆ ಇದ್ರೆ ‘ಇಟ್ ರನ್ಸ್ ಇನ್ ದ ಫ್ಯಾಮಿಲಿ’, ನಾವೂ ರಕ್ತದಲ್ಲೇ ಬಂದಿದೆ ಅಂತೀವಲ್ಲ, ಹೆಚ್ಚುಕಮ್ಮಿ ಅದೇ ಹೊಳೆ. ಸಿನಿಮಾ ಎರಡು ಗಂಟೆ ರನ್ ಆಗುತ್ತೆ, ಕಾಂಟ್ರಾಕ್ಟ್ ಮೂರು ವರ್ಷ ರನ್ ಆಗುತ್ತೆ, ಇಲ್ಲಿ ಹರಿಯೋದು ಟೈಮು.

ಇನ್ನು ಗೋಡೆ, ಬೇಲಿ, ರಸ್ತೆ, ಗಡಿ ಇವೂ ರನ್ ಆಗ್ತಾವೆ ಇಂಗ್ಲಿಷಲ್ಲಿ. ‘ದ ರೋಡ್ ರನ್ಸ್ ಅಲಾಂಗ್ ದ ರಿವರ್’. ಏನೂ ಕದಲ್ತಿಲ್ಲ ಅಲ್ಲಿ, ಕದಲ್ತಿರೋದು ನೋಡೋರ ಕಣ್ಣು. ಇದನ್ನ ವಿಚಿತ್ರ ಅನ್ನೋ ಮುಂಚೆ ನಮ್ಮ ಹಳೇ ಜೋಕು ನೆನಪಿಸ್ಕೊಳ್ಳಿ, ಈ ರಸ್ತೆ ಎಲ್ಲಿಗೆ ಹೋಗುತ್ತೆ ಅಂತ ಕೇಳಿದ್ರೆ ಎಲ್ಲಿಗೂ ಹೋಗಲ್ಲ ಸ್ವಾಮಿ ನಾನು ಹುಟ್ಟಿದಾಗಿಂದ ಇಲ್ಲೇ ಬಿದ್ದಿದೆ ಅಂದ್ನಂತೆ. ನಮ್ಮಲ್ಲಿ ರಸ್ತೆ ಹೋಗುತ್ತೆ, ಅವರಲ್ಲಿ ಓಡುತ್ತೆ, ಅಷ್ಟೇ ವ್ಯತ್ಯಾಸ.

ಈ ಸ್ಪೀಡಿನ ವಿಷಯ ನಂಗೆ ಬಹಳ ಇಷ್ಟ. ‘ರನ್ ಎ ಕಂಪನಿ’ ಅನ್ನೋದನ್ನ ಕನ್ನಡದಲ್ಲಿ ಏನಂತೀವಿ? ಕಂಪನಿ ನಡೆಸೋದು. ಮನೆ ನಡೆಸ್ತೀವಿ, ಸ್ಕೂಲ್ ನಡೆಸ್ತೀವಿ, ಸರ್ಕಾರ ನಡೆಸ್ತೀವಿ. ಅಂದ್ರೆ ಇಂಗ್ಲಿಷಿನವರು ಓಡಿಸೋದನ್ನೆಲ್ಲ ನಾವು ನಿಧಾನಕ್ಕೆ ನಡೆಸ್ಕೊಂಡು ಹೋಗ್ತೀವಿ! ಚುನಾವಣೆಗೆ ಬಂದ್ರೆ ಇನ್ನೂ ಮಜಾ. ಅಮೆರಿಕದಲ್ಲಿ ಪ್ರೆಸಿಡೆಂಟ್ ಆಗ್ಬೇಕು ಅಂದ್ರೆ ‘ರನ್’ ಆಗ್ಬೇಕು, ಬ್ರಿಟನ್ನಲ್ಲಿ ಪಾರ್ಲಿಮೆಂಟಿಗೆ ಹೋಗೋನು ‘ಸ್ಟ್ಯಾಂಡ್’ ಆಗ್ತಾನೆ, ನಮ್ಮಲ್ಲೂ ಎಲೆಕ್ಷನ್ನಿಗೆ ನಿಲ್ತಾರೆ. ಒಂದೇ ಕೆಲಸಕ್ಕೆ ಒಬ್ಬ ಓಡ್ತಾನೆ ಇನ್ನೊಬ್ಬ ನಿಲ್ತಾನೆ, ಗೆದ್ದ ಮೇಲೆ ಇಬ್ಬರೂ ಕೂರ್ತಾರೆ ಬಿಡಿ.

ಕ್ರಿಕೆಟ್ ರನ್ ಬಗ್ಗೆ ಹೇಳದಿದ್ರೆ ನೀವು ಬಿಡಲ್ಲ. ಅದು ಹುಟ್ಟಿದ್ದೇನೋ ನಿಜವಾದ ಓಟದಿಂದ್ಲೇ, ಬ್ಯಾಟ್ಸ್‌ಮನ್‌ಗಳು ಆ ಕಡೆಯಿಂದ ಈ ಕಡೆಗೆ ಓಡಿದ್ರೆ ಒಂದು ರನ್. ಆದ್ರೆ ಸಿಕ್ಸ್ ಹೊಡೆದವನು ಒಂದು ಹೆಜ್ಜೆನೂ ಓಡದೆ ಬ್ಯಾಟ್ ಊರ್ಕೊಂಡು ನಿಂತಿದ್ರೂ ಆರು ರನ್ನೇ. ಬ್ಯಾಂಕಲ್ಲೂ ಹೀಗೇ ಆಗಿದೆ. ಬ್ಯಾಂಕ್ ಮುಳುಗುತ್ತೆ ಅನ್ನೋ ಭಯಕ್ಕೆ ಎಲ್ಲರೂ ಒಟ್ಟಿಗೆ ದುಡ್ಡು ತೆಗೆಯೋಕೆ ಮುಗಿಬೀಳೋದಕ್ಕೆ ‘ಬ್ಯಾಂಕ್ ರನ್’ ಅಂತಾರೆ, ಒಂದು ಕಾಲದಲ್ಲಿ ಜನ ನಿಜವಾಗ್ಲೂ ಬಾಗಿಲ ಮುಂದೆ ಓಡಿ ಬಂದು ಕ್ಯೂ ನಿಲ್ತಿದ್ರು. 2023ರ ಮಾರ್ಚ್ 9ಕ್ಕೆ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿಂದ ಒಂದೇ ದಿನದಲ್ಲಿ 42 ಬಿಲಿಯನ್ ಡಾಲರ್ ತೆಗೆಯೋಕೆ ಜನ ಮುಗಿಬಿದ್ರು, ಹೆಚ್ಚಿನವರು ಕೂತಲ್ಲಿಂದ್ಲೇ ಫೋನು ಕಂಪ್ಯೂಟರಲ್ಲಿ, ಮಾರನೇ ದಿನ ಬ್ಯಾಂಕು ಮುಚ್ತು. ಓಡಿದ್ದು ಬೆರಳು ಮಾತ್ರ.

ಈಗ ನಾವು ನಿಜವಾಗ್ಲೂ ಎಡವೋ ಜಾಗಕ್ಕೆ ಬರ್ತೀನಿ, ರನ್ ಹಿಂದೆ ಬರೋ ಪುಟ್ಟ ಬಾಲಗಳು. ಪೆಟ್ರೋಲ್ ಮುಗೀತು ಅನ್ನೋದಕ್ಕೆ ನಾವು ‘ಪೆಟ್ರೋಲ್ ಈಸ್ ಓವರ್’ ಅಂತೀವಿ, ಅದನ್ನ ಕೇಳಿದ ಇಂಗ್ಲಿಷಿನವನಿಗೆ ಪೆಟ್ರೋಲ್ ಏನು ಸಿನಿಮಾನಾ ಓವರ್ ಆಗೋಕೆ ಅನ್ಸುತ್ತೆ, ಅವನು ಹೇಳೋದು ‘ವಿ ಹ್ಯಾವ್ ರನ್ ಔಟ್ ಆಫ್ ಪೆಟ್ರೋಲ್’. ಗಮನಿಸಿ, ಮುಗಿದಿದ್ದು ಪೆಟ್ರೋಲು, ವಾಕ್ಯದ ಕರ್ತೃ ಮಾತ್ರ ನಾವು. ‘ರನ್ ಇಂಟು’ ಅಂದ್ರೆ ಅಚಾನಕ್ಕಾಗಿ ಎದುರಾಗೋದು, ಹಳೇ ಫ್ರೆಂಡೂ ಎದುರಾಗ್ಬಹುದು, ಪ್ರಾಬ್ಲಮ್ಮೂ ಎದುರಾಗ್ಬಹುದು, ಲೈಟ್ ಕಂಬಕ್ಕೆ ಗುದ್ದಿದ್ರೂ ಅದೇ ಮಾತು. ‘ರನ್ ಓವರ್’ ಹತ್ರ ಹುಷಾರು, ನೋಟ್ಸನ್ನ ರನ್ ಓವರ್ ಮಾಡಿದ್ರೆ ಒಂದ್ಸಲ ಕಣ್ಣಾಡಿಸಿದ ಹಾಗೆ, ಮನುಷ್ಯನನ್ನ ಮಾಡಿದ್ರೆ ಪೊಲೀಸ್ ಕೇಸು. ‘ರನ್ನಿಂಗ್ ಲೇಟ್’ ಅನ್ನೋದನ್ನ ಹೇಳೋರಲ್ಲಿ ಅರ್ಧ ಜನ ಇನ್ನೂ ಹಾಸಿಗೆ ಬಿಟ್ಟೇ ಎದ್ದಿರಲ್ಲ.

ವ್ಯಾಕರಣ ಒಂದೇ ಮಾತಲ್ಲಿ, ‘ರನ್, ರ್ಯಾನ್, ರನ್’. ‘ಹ್ಯಾವ್’ ಬಂದ್ರೆ ‘ರ್ಯಾನ್’ ಬರಲ್ಲ, ಇಂಗ್ಲಿಷೇ ಮಾತೃಭಾಷೆ ಆಗಿರೋರೂ ಮಾತಿನ ಭರದಲ್ಲಿ ಇದನ್ನ ತಪ್ಪಾಡ್ತಾರೆ, ಹಾಗಾಗಿ ಸಂಕೋಚ ಬೇಡ.

‘ರನ್ನರ್ ಅಪ್’ ಅನ್ನೋ ಪದ ಎಲ್ಲರಿಗೂ ಗೊತ್ತು, ಎರಡನೇ ಬಹುಮಾನ. ಅದು ನಾಯಿಗಳ ಪಂದ್ಯದಿಂದ ಬಂದದ್ದು, ಉಳಿದೆಲ್ಲ ಸುತ್ತು ಗೆದ್ದು ಕೊನೇ ಸುತ್ತಲ್ಲಿ ಮಾತ್ರ ಸೋತ ನಾಯಿಗೆ ಹಾಗನ್ತಿದ್ರು. ಕಪ್ ಹಿಡ್ಕೊಂಡು ಫೋಟೋಗೆ ನಿಂತವರಿಗೆ ಇದನ್ನ ಹೇಳೋಕೆ ಹೋಗ್ಬೇಡಿ.

ಮತ್ತೊಂದು ಎಚ್ಚರಿಕೆ, ಕ್ರಿಕೆಟ್ ಹುಚ್ಚು ಇರೋರಿಗೆ. ಆಟ ಮುಗಿಸಿ ಬಂದು ಖುಷಿಯಲ್ಲಿ ‘ಐ ಹ್ಯಾವ್ ದ ರನ್ಸ್’ ಅಂದ್ಬಿಟ್ಟೀರಾ ಜೋಕೆ. ಆ ‘ದ’ ಒಂದು ಸೇರ್ಕೊಂಡ್ರೆ ಅರ್ಥ ನಂಗೆ ಭೇದಿ ಆಗ್ತಿದೆ ಅಂತ. ಓಟನೂ ಇದೆ, ಹರಿವೂ ಇದೆ, ಎರಡೂ ಒಟ್ಟಿಗೇ. ಪ್ರಶ್ನೆ ಇದ್ರೆ ಕೇಳಿ.