ಏಣಿ ಕ್ಲಬ್ಬಿನಲ್ಲೇ ಇದೆ: ಚಿಪ್ ಮತ್ತು ಪಿಚ್ ಹೊಡೆತಗಳ ಕುರಿತು

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಆಷಾಢದ ಮಳೆಯಲ್ಲಿ, ಅದೂ ಭಾನುವಾರ ಸಂಜೆ, ಟಿಳಕವಾಡಿಯ ಈ ಸಭಾಂಗಣಕ್ಕೆ ಇಷ್ಟು ಜನ ಬಂದಿದ್ದೀರಿ. ಅರ್ಧದಷ್ಟು ಮಂದಿ ಗಾಲ್ಫ್ ಆಡುವವರು, ಉಳಿದವರು ಅವರನ್ನು ಕಾರಿನಲ್ಲಿ ಕರೆತಂದವರು ಎಂದುಕೊಂಡಿದ್ದೇನೆ. ಇಬ್ಬರಿಗೂ ಅರ್ಥವಾಗುವಂತೆ ಮಾತನಾಡಲು ಪ್ರಯತ್ನಿಸುತ್ತೇನೆ.

ನಾನು ಈ ಆಟ ಕಲಿತದ್ದು ನಲವತ್ತೈದರ ನಂತರ. ಮೊದಲ ಎರಡು ವರ್ಷ ನನ್ನ ಕಥೆ ಒಂದೇ. ದೂರದ ಹೊಡೆತ ಹೇಗೋ ಹೋಗುತ್ತಿತ್ತು. ಗ್ರೀನ್, ಅಂದರೆ ಚೆಂಡು ಬೀಳಿಸಬೇಕಾದ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ, ಇಪ್ಪತ್ತು ಗಜ ದೂರವಿರುವಾಗ ಚೆಂಡು ನನ್ನ ಕೈಯಲ್ಲಿ ಹುಚ್ಚಾಗುತ್ತಿತ್ತು. ಈ ಬದಿಯಿಂದ ಹೊಡೆದರೆ ಗ್ರೀನ್ ದಾಟಿ ಆ ಬದಿಯ ಪೊದೆಗೆ, ಅಲ್ಲಿಂದ ಹೊಡೆದರೆ ಮತ್ತೆ ಈ ಬದಿಗೆ. ಒಂದು ದಿನ ಆಟಗಾರರ ಚೀಲ ಹೊರುವ ವಯಸ್ಸಾದ ಕ್ಯಾಡಿಯೊಬ್ಬರು ಇದನ್ನು ನೋಡಿ ನೋಡಿ ಬೇಸತ್ತು ಹೇಳಿದರು: “ಸಾಹೇಬರೇ, ಏಣಿ ಕ್ಲಬ್ಬಿನಲ್ಲೇ ಇದೆ. ನೀವು ಬೇರೆ ಯಾಕೆ ಹತ್ತುತ್ತೀರಿ?”

ಇವತ್ತು ನಾನು ಹೇಳಬೇಕಾದದ್ದರ ತಿರುಳು ಅಷ್ಟೇ. ಕ್ಲಬ್ ಎಂದರೆ ಚೆಂಡು ಹೊಡೆಯುವ ಕೋಲು, ವೆಡ್ಜ್ ಎಂದರೆ ಹತ್ತಿರದ ಹೊಡೆತಗಳಿಗೆ ಬಳಸುವ, ಮುಖ ಹೆಚ್ಚು ಓರೆಯಾದ ಕ್ಲಬ್. ಪಿಚಿಂಗ್ ವೆಡ್ಜ್‌ನ ಮುಖ ಸುಮಾರು 46 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ, ಸ್ಯಾಂಡ್ ವೆಡ್ಜ್‌ನದು ಸುಮಾರು 56. ಚೆಂಡನ್ನು ಮೇಲೆತ್ತುವ ಕೆಲಸ ಆ ಓರೆಯದು. ನಾವು ಅದನ್ನು ನಂಬದೆ ಮಣಿಕಟ್ಟು ತಿರುವಿ, ಹಿಂದಿನ ಕಾಲಿನ ಮೇಲೆ ವಾಲಿ, ಚೆಂಡನ್ನು ಸೌಟಿನಲ್ಲಿ ಎತ್ತಿದಂತೆ ಎತ್ತಲು ಹೋಗುತ್ತೇವೆ. ಆಗ ಕ್ಲಬ್ ಚೆಂಡಿಗಿಂತ ಮೊದಲೇ ನೆಲಕ್ಕೆ ತಾಗಿ ಚೆಂಡು ಎರಡು ಅಡಿ ಉರುಳುತ್ತದೆ, ಇಲ್ಲವೇ ಮೇಲೇರುತ್ತಿರುವ ಕ್ಲಬ್ಬಿನ ಅಂಚು ಚೆಂಡಿನ ನಡುವಿಗೆ ಬಡಿದು ಅದು ಗುಂಡಿನಂತೆ ಹಾರುತ್ತದೆ. ನೋಡುವವರಿಗೆ ಇವು ಎರಡು ಬೇರೆ ತಪ್ಪುಗಳು. ಬೇರು ಒಂದೇ.

ಗ್ರೀನ್ ಹತ್ತಿರದ ಹೊಡೆತಗಳಲ್ಲಿ ಚಿಪ್ ಎಂದರೆ ಗಾಳಿಯಲ್ಲಿ ಕಡಿಮೆ, ನೆಲದ ಮೇಲೆ ಹೆಚ್ಚು. ಪಿಚ್ ಇದಕ್ಕೆ ತಿರುಗುಮುರುಗು. ಚಿಪ್‌ಗೆ ಪಾದಗಳು ಹತ್ತಿರವಿರಲಿ. ಬಲಗೈ ಆಟಗಾರರಾದರೆ ದೇಹದ ಭಾರದ ಅರ್ಧಕ್ಕಿಂತ ಹೆಚ್ಚು ಎಡಗಾಲಿನ ಮೇಲೆ, ಕೈಗಳು ಚೆಂಡಿಗಿಂತ ತುಸು ಮುಂದೆ. ಮಣಿಕಟ್ಟು ಸುಮ್ಮನಿರಲಿ, ಭುಜಗಳು ತೂಗಲಿ. ಹಿಡಿತದ ಬಗ್ಗೆ ನನ್ನನ್ನು ಕೇಳಿದವರಿಗೆಲ್ಲ ಜೋಳದ ರೊಟ್ಟಿ ಬಡಿಯುವುದನ್ನು ನೋಡಿ ಎನ್ನುತ್ತೇನೆ. ಕೈ ಬಿಗಿಯಾದರೆ ರೊಟ್ಟಿ ಹರಿಯುತ್ತದೆ, ಸಡಿಲವಾದರೆ ಅಗಲವಾಗುವುದಿಲ್ಲ. ನನ್ನ ಹೆಂಡತಿ ಒಮ್ಮೆಯೂ ಕ್ಲಬ್ ಹಿಡಿದವಳಲ್ಲ, ಆದರೆ ಈ ವಿಷಯದಲ್ಲಿ ನನಗಿಂತ ದೊಡ್ಡ ಗುರು.

ಇನ್ನು ಯಾವ ಕ್ಲಬ್ ಎಂಬ ಪ್ರಶ್ನೆ. ಟಿವಿಯಲ್ಲಿ ನೋಡಿ ಎಲ್ಲರೂ 60 ಡಿಗ್ರಿಯ ಲಾಬ್ ವೆಡ್ಜ್ ಕೊಳ್ಳುತ್ತಾರೆ. ನನ್ನ ಮಟ್ಟಿಗೆ, ನಮ್ಮಂಥವರ ಚೀಲದಲ್ಲಿ ಅದು ಅಲಂಕಾರದ ವಸ್ತು. ಬಹಳ ಕಾಲದಿಂದ ಆಟಗಾರರು ಬಳಸುವ ಒಂದು ಸರಳ ಲೆಕ್ಕವಿದೆ. ಅಯರ್ನ್ ಎಂಬ ಕ್ಲಬ್ಬುಗಳಿಗೆ ಓರೆಗೆ ತಕ್ಕಂತೆ ಸಂಖ್ಯೆ ಇರುತ್ತದೆ. ಹನ್ನೆರಡರಿಂದ ಆ ಸಂಖ್ಯೆಯನ್ನು ಕಳೆಯಿರಿ. ಎಂಟನೇ ಅಯರ್ನ್ ಆದರೆ ಉಳಿಯುವುದು ನಾಲ್ಕು, ಅಂದರೆ ಒಂದು ಪಾಲು ಹಾರಾಟ, ನಾಲ್ಕು ಪಾಲು ಉರುಳಾಟ. ಒಂಬತ್ತನೇ ಅಯರ್ನ್‌ಗೆ ಮೂರು. ಪಿಚಿಂಗ್ ವೆಡ್ಜ್ ಅನ್ನು ಹತ್ತು ಎಂದು ಎಣಿಸಿದರೆ ಎರಡು. ಉದಾಹರಣೆಗೆ, ಚೆಂಡು ಗ್ರೀನ್‌ನ ಅಂಚಿನಿಂದ ಎರಡು ಹೆಜ್ಜೆ ಹೊರಗಿದೆ, ಅಂಚಿನಿಂದ ಕುಳಿಗೆ ಹತ್ತು ಹೆಜ್ಜೆ. ಗ್ರೀನ್‌ನ ಒಳಗೆ ಒಂದು ಹೆಜ್ಜೆಯಲ್ಲಿ ಬೀಳಿಸಿದರೆ ಹಾರಾಟ ಮೂರು, ಉರುಳಾಟ ಒಂಬತ್ತು. ಒಂಬತ್ತನೇ ಅಯರ್ನ್ ತೆಗೆಯಿರಿ. ಇದು ಸಮತಟ್ಟಾದ, ಸಾಧಾರಣ ವೇಗದ ಗ್ರೀನ್‌ನ ಲೆಕ್ಕ. ಇಳಿಜಾರು ಬಂದರೆ ಬುದ್ಧಿ ಬಳಸಬೇಕು.

ಈ ಲೆಕ್ಕದಲ್ಲಿ ಒಂದು ಗುಟ್ಟಿದೆ, ಗಮನಿಸಿದಿರಾ? ಕಣ್ಣು ಕುಳಿಯ ಮೇಲಿಲ್ಲ, ಚೆಂಡು ಬೀಳುವ ಜಾಗದ ಮೇಲಿದೆ. ಗೋಲಿ ಆಡುವ ಹುಡುಗನೂ ಮೊದಲು ಗೋಲಿ ಎಲ್ಲಿ ಬೀಳಬೇಕೆಂದೇ ನೋಡುತ್ತಾನೆ.

ಪಿಚ್‌ಗೆ ಪಾದಗಳು ತುಸು ಅಗಲ, ಚೆಂಡು ನಡುವೆ, ಮಣಿಕಟ್ಟು ಸ್ವಲ್ಪ ಮಡಚಬೇಕು, ಎದೆ ಗುರಿಯತ್ತ ತಿರುಗಬೇಕು. ಬಹಳ ಜನ ದೂರ ಕಡಿಮೆ ಮಾಡಲು ಹೊಡೆತದ ನಡುವೆಯೇ ವೇಗ ಕುಗ್ಗಿಸುತ್ತಾರೆ. ಅದೇ ಅನಾಹುತ. ನಾಸಾದಲ್ಲಿ ವಿಜ್ಞಾನಿಯಾಗಿದ್ದು ನಂತರ ಗಾಲ್ಫ್ ಬೋಧನೆಗೆ ಬಂದ ಡೇವ್ ಪೆಲ್ಜ್ ಇದಕ್ಕೆ ಗಡಿಯಾರದ ಉಪಾಯ ಹೇಳಿದರು. ಎಡತೋಳು ಏಳೂವರೆ, ಒಂಬತ್ತು, ಹತ್ತೂವರೆ ಎಂಬ ಮೂರು ಮಟ್ಟಕ್ಕೆ ಹಿಂದೆ ಹೋಗಲಿ, ಲಯ ಮಾತ್ರ ಬದಲಾಗದಿರಲಿ. ಮೂರು ವೆಡ್ಜ್ ಇದ್ದರೆ ಒಂಬತ್ತು ದೂರಗಳು ಕೈಗೆ ಬರುತ್ತವೆ. ಯಾವುದು ಎಷ್ಟು ಗಜ ಎಂಬುದನ್ನು ನೀವೇ ಹೆಜ್ಜೆ ಹಾಕಿ ಬರೆದಿಟ್ಟುಕೊಳ್ಳಬೇಕು. ನನ್ನ ಚೀಟಿ ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ನಮ್ಮ ಊರಿನ ನೆಲದ ಬಗ್ಗೆ ಎರಡು ಮಾತು. ವೆಡ್ಜ್‌ನ ಅಡಿಭಾಗದ ಉಬ್ಬನ್ನು ಬೌನ್ಸ್ ಎನ್ನುತ್ತಾರೆ. ಈಗಿನಂತೆ ಕೆಂಪು ಮಣ್ಣು ನೆಂದು ಮೆತ್ತಗಿರುವಾಗ ಹೆಚ್ಚು ಬೌನ್ಸ್ ಇರುವ ವೆಡ್ಜ್ ಕ್ಲಬ್ಬನ್ನು ಹೂತುಹೋಗದಂತೆ ಕಾಯುತ್ತದೆ. ಏಪ್ರಿಲ್‌ನಲ್ಲಿ ಅದೇ ನೆಲ ಸುಟ್ಟ ಇಟ್ಟಿಗೆ. ಆಗ ಅದೇ ಉಬ್ಬು ನೆಲಕ್ಕೆ ಬಡಿದು ಪುಟಿದು ಚೆಂಡಿನ ನಡುವಿಗೆ ತಾಗುತ್ತದೆ. ಬೇಸಿಗೆಯಲ್ಲಿ ನಾನು ಗ್ರೀನ್‌ನ ಹೊರಗಿನಿಂದಲೂ ಪಟ್ಟರ್, ಅಂದರೆ ಚೆಂಡನ್ನು ನೆಲದ ಮೇಲೆ ಉರುಳಿಸುವ ಕ್ಲಬ್, ಬಳಸುತ್ತೇನೆ. ಜೊತೆಗಾರರು ನಕ್ಕರೆ ನಗಲಿ.

ದುಬಾರಿ ಸಾಧನಗಳಿಲ್ಲ ಎಂದು ಕೊರಗುವ ಹುಡುಗರಿಗೆ ಗಾಲ್ಫ್ ದಿಗ್ಗಜ ಸೆವೆ ಬ್ಯಾಲೆಸ್ಟೆರೋಸ್ ಹೆಸರು ಹೇಳುತ್ತೇನೆ. ಸ್ಪೇನ್‌ನ ಪೆಡ್ರೆನ್ಯಾ ಎಂಬ ಊರಿನ ಸಮುದ್ರದಂಡೆಯಲ್ಲಿ ಒಂದೇ ಒಂದು ಮೂರನೇ ಅಯರ್ನ್ ಹಿಡಿದು ಕಲಿತವರು ಅವರು. ಗ್ರೀನ್‌ನ ಸುತ್ತ ಅವರಷ್ಟು ಕಲ್ಪನೆಯುಳ್ಳ ಕೈ ಅಪರೂಪ. ಇನ್ನೊಂದು ಸಮಾಧಾನ: ಅಮೆರಿಕದ ಪಿಜಿಎ ಟೂರ್‌ನ ವೃತ್ತಿಪರರೇ ಒಂದು ಸುತ್ತಿನ ಹದಿನೆಂಟು ಗ್ರೀನ್ ಪೈಕಿ ಸುಮಾರು ಆರಕ್ಕೆ ನಿಗದಿತ ಹೊಡೆತಗಳಲ್ಲಿ ಚೆಂಡು ಮುಟ್ಟಿಸಲಾರರು. ನಮಗೆ ಹದಿನಾಲ್ಕರಲ್ಲಿ ಹಾಗಾದರೆ ನಾಚಿಕೆಯೇನಿಲ್ಲ, ಆದರೆ ಅಭ್ಯಾಸವನ್ನೆಲ್ಲ ದೂರದ ಹೊಡೆತದ ಕ್ಲಬ್ಬಾದ ಡ್ರೈವರ್ ಮೇಲೆ ಸುರಿಯುವುದು ಮಾತ್ರ ವಿಚಿತ್ರ.

ಮನೆಯಲ್ಲಿ ಮಾಡಬಹುದಾದದ್ದು ಒಂದಿದೆ. ಚೆಂಡಿನ ಒಂದು ಗೇಣು ಹಿಂದೆ ಮಡಚಿದ ಟವೆಲ್ ಇಡಿ. ಟವೆಲ್‌ಗೆ ತಾಗದೆ ಚೆಂಡು ಹೊಡೆಯಿರಿ. ಸೌಟಿನ ಚಾಳಿ ಇರುವವರನ್ನು ಆ ಟವೆಲ್ ತಕ್ಷಣ ಹಿಡಿದುಕೊಡುತ್ತದೆ. ಇನ್ನೊಂದು ಟವೆಲ್ಲನ್ನು ಚೆಂಡು ಬೀಳಬೇಕಾದ ಜಾಗದಲ್ಲಿ ಹಾಸಿ.

ಹೊರಗೆ ಅಂಗಳದಲ್ಲಿ ನಾಲ್ಕು ಟವೆಲ್ ಹಾಸಿ ಬಂದಿದ್ದೇನೆ. ಇಷ್ಟು ಹೊತ್ತಿಗೆ ಒದ್ದೆಯಾಗಿರುತ್ತವೆ, ಚಿಂತೆಯಿಲ್ಲ. ಎಂಟನೇ ಅಯರ್ನ್ ತಂದವರು ಮೊದಲು ಬನ್ನಿ, ಲಾಬ್ ವೆಡ್ಜ್ ತಂದವರು ಚಹಾ ಮುಗಿಸಿ ಬನ್ನಿ.