ಮೊದಲು ನೀರು, ಆಮೇಲೆ ವೈಪರ್

ನಮಸ್ಕಾರ ಕೇಳುಗರೇ. ಹೋದ ವರ್ಷ ಜೂನ್‌ನಲ್ಲಿ ಮಗಳನ್ನು ಕೂರಿಸಿಕೊಂಡು ಸಂಡೂರಿನಿಂದ ತೋರಣಗಲ್ಲಿನ ಕಡೆ ಬರುತ್ತಿದ್ದೆ, ಕತ್ತಲಾಗುವ ಹೊತ್ತು, ಮುಂದೆಲ್ಲ ಅದಿರಿನ ಲಾರಿಗಳು. ನಾಲ್ಕು ಹನಿ ಬಿತ್ತು. ವೈಪರ್ ಹಾಕಿದೆ ನೋಡಿ, ಗಾಜಿನ ಮೇಲಿದ್ದ ಕೆಂಪು ಧೂಳೆಲ್ಲ ರಾಡಿಯಾಗಿ ಹರಡಿಬಿಟ್ಟಿತು, ಎದುರಿನ ಲಾರಿಯ ಲೈಟ್ ಬಿದ್ದದ್ದೇ ತಡ, ರಸ್ತೆಯೇ ಕಾಣಲಿಲ್ಲ. ಆ ಗಳಿಗೆ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ನಮ್ಮ ಬಳ್ಳಾರಿ ಕಡೆ ಮಳೆ ಬರುವ ಮುಂಚೆಯೇ ವೈಪರ್ ಹಾಳಾಗಿರುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಡಿ ದಿನವಿಡೀ ಬಯಲಲ್ಲೇ ನಿಂತಿರುತ್ತದೆ. ರಬ್ಬರ್ ಕಾದು ಕಾದು ಗಟ್ಟಿಯಾಗಿ, ಒಂದೇ ಕಡೆಗೆ ಬಾಗಿ ಕೂತುಬಿಡುತ್ತದೆ. ಆಮೇಲೆ ಅದು ಸರಾಗವಾಗಿ ಜಾರುವುದಿಲ್ಲ, ಗಾಜಿನ ಮೇಲೆ ದಡದಡ ಕುಣಿಯುತ್ತದೆ.

ಹಾಗಂತ ಸುಮ್ನೆ ಹೊಸದು ತರಬೇಡಿ. ಒದ್ದೆ ಬಟ್ಟೆಯಿಂದ ರಬ್ಬರಿನ ಅಂಚನ್ನು ಉದ್ದಕ್ಕೂ ಒರೆಸಿ. ಮೊದಲ ಸಲ ಬಟ್ಟೆಗೆ ಕೆಂಪು, ಕಪ್ಪು ಎಲ್ಲ ಮೆತ್ತಿಕೊಳ್ಳುತ್ತದೆ. ಬಟ್ಟೆ ಮಡಚಿ ಮತ್ತೆ ಒರೆಸಿ, ಕೊಳೆ ಬರುವುದು ನಿಲ್ಲುವವರೆಗೆ. ಗಾಜಿನ ಮೇಲೆ ಸಣ್ಣ ಗೆರೆ ಬೀಳುತ್ತಿದ್ದರೆ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಒರೆಸಿದ ಮೇಲೂ ಅದೇ ಜಾಗದಲ್ಲಿ ಗೆರೆ ಬಂದರೆ ರಬ್ಬರ್ ಅಲ್ಲಿ ಹರಿದಿದೆ ಅಂತ ಅರ್ಥ, ಬದಲಾಯಿಸಿ. ಗಾಜೆಲ್ಲ ಮಂಜು ಮಂಜಾದರೆ ಅದು ಎಣ್ಣೆಯ ಪಸೆ, ಎರಡು ಹನಿ ಶಾಂಪೂ ಹಾಕಿ ಗಾಜು ತೊಳೆಯಿರಿ. ಪೆಟ್ರೋಲ್, ಸೀಮೆಎಣ್ಣೆ ಮಾತ್ರ ರಬ್ಬರಿಗೆ ತಾಗಿಸಬೇಡಿ.

ವೈಪರ್ ಆಡುವುದೇ ಇಲ್ಲ, ಮೋಟಾರ್ ಸದ್ದೂ ಇಲ್ಲ ಅಂದರೆ ಮೊದಲು ಫ್ಯೂಸ್ ನೋಡಿ. ಸದ್ದು ಬರುತ್ತಿದೆ, ಒಂದು ಕಡ್ಡಿ ಮಾತ್ರ ಆಡುತ್ತಿಲ್ಲ ಅಂದರೆ ಬುಡದ ನಟ್ ಸಡಿಲ ಆಗಿರಬಹುದು.

ಇನ್ನು ಆ ಧೂಳಿನ ವಿಷಯ. ಒಣ ಗಾಜಿನ ಮೇಲೆ ವೈಪರ್ ಹಾಕಲೇಬೇಡಿ. ಧೂಳಿನ ಕಣ ರಬ್ಬರಿನ ಅಡಿ ಸಿಕ್ಕಿ ಗಾಜಿನಲ್ಲಿ ಗೀರು ಎಳೆಯುತ್ತದೆ, ಆ ಗೀರು ಹೋಗುವುದಿಲ್ಲ. ನೀರು ಚಿಮ್ಮಿಸಿ, ಆಮೇಲೆ ಒರೆಸಿ. ನೀರಿನ ಡಬ್ಬಿಗೆ ಬೋರ್‌ವೆಲ್ ನೀರು ಹಾಕಿದರೆ ಉಪ್ಪು ಕಟ್ಟಿ ಚಿಮ್ಮುವ ತೂತು ಮುಚ್ಚಿಹೋಗುತ್ತದೆ, ಸಣ್ಣ ಪಿನ್ನಿನಿಂದ ಮೆಲ್ಲಗೆ ಬಿಡಿಸಿ.

ಹೊಸ ಬ್ಲೇಡ್ ಕೊಳ್ಳುವಾಗ ಎರಡೂ ಬದಿ ಬೇರೆ ಬೇರೆ ಅಳೆಯಿರಿ, ಎಷ್ಟೋ ಗಾಡಿಗಳಲ್ಲಿ ಡ್ರೈವರ್ ಕಡೆಯದು ಉದ್ದ ಇರುತ್ತದೆ. ಹಳೆಯದನ್ನು ಬಿಚ್ಚುವ ಮುಂಚೆ ಗಾಜಿನ ಮೇಲೆ ಒಂದು ದಪ್ಪ ಟವೆಲ್ ಹಾಸಿ. ಬರೀ ಕಡ್ಡಿ ಕೈ ಜಾರಿ ಬಿದ್ದರೆ ಸ್ಪ್ರಿಂಗಿನ ಹೊಡೆತಕ್ಕೆ ಗಾಜೇ ಸೀಳಬಹುದು.